‘ಗೊತ್ತಾಯಿತು’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದ?

ಬಸವನಗುಡಿಯಲ್ಲಿ ಸಂಜೆ ಹೊತ್ತು ನಾನು ಇಂಗ್ಲಿಷ್ ಬರವಣಿಗೆಯ ಪಾಠ ಹೇಳುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬ್ಯಾಂಕು, ಆಸ್ಪತ್ರೆ, ಗಾರ್ಮೆಂಟ್ಸ್ ಕಾರ್ಖಾನೆ, ಆಡಿಟರ್ ಕಚೇರಿಗಳಲ್ಲಿ ದುಡಿಯುತ್ತ ದಿನವೂ ಇಂಗ್ಲಿಷಿನಲ್ಲಿ ಇಮೇಲ್, ವರದಿ ಬರೆಯಬೇಕಾದವರು. ಕಳೆದ ಮಳೆಗಾಲದಲ್ಲಿ ನರ್ಸ್ ಆಗಿರುವ ವಿದ್ಯಾರ್ಥಿನಿಯೊಬ್ಬರು ಅಭ್ಯಾಸಕ್ಕೆಂದು ತಾವೇ ಕಲ್ಪಿಸಿ ಬರೆದ ರಾತ್ರಿಪಾಳಿಯ ವರದಿಯೊಂದನ್ನು ತಂದು ತೋರಿಸಿದರು. ಅದರಲ್ಲಿದ್ದದ್ದು ನಾಲ್ಕೇ ವಾಕ್ಯ. ಡ್ರಿಪ್ ಮುಗಿದಿತ್ತು, ರೋಗಿಗೆ 102 ಡಿಗ್ರಿ ಜ್ವರವಿತ್ತು, ಅವರಿಗೆ ಪೆನಿಸಿಲಿನ್ ಒಗ್ಗುವುದಿಲ್ಲ, ಮಂಚದ ಬಳಿಯಿದ್ದ ಫೈಲು ಪಕ್ಕದ ರೋಗಿಯದು. ನಾಲ್ಕೂ ವಾಕ್ಯಗಳು ‘ಐ ಕೇಮ್ ಟು ನೋ ದಟ್’ ಎಂದೇ ಆರಂಭವಾಗಿದ್ದವು.

ವ್ಯಾಕರಣದಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಆದರೆ ಬೆಳಿಗ್ಗೆ ಬಂದು ಆ ವರದಿಯನ್ನು ಓದುವ ಡಾಕ್ಟರಿಗೆ ಒಂದು ಮುಖ್ಯ ವಿಷಯ ತಿಳಿಯುವುದಿಲ್ಲ: ಈ ನರ್ಸಿಗೆ ಇದೆಲ್ಲ ಹೇಗೆ ಗೊತ್ತಾಯಿತು? ತಾವೇ ಕಂಡದ್ದೋ, ಯಾರಾದರೂ ಹೇಳಿದ್ದೋ, ಪರೀಕ್ಷಿಸಿ ನೋಡಿದ್ದೋ? ನಾನು ಅವರಿಗೆ, ಕಾಗದ ಮಡಚಿಟ್ಟು ಅದನ್ನೇ ಕನ್ನಡದಲ್ಲಿ ಹೇಳಿ ಎಂದೆ. ಒಂದು ಕ್ಷಣವೂ ತಡವರಿಸದೆ ಹೇಳಿದರು: ‘ಡ್ರಿಪ್ ಖಾಲಿಯಾಗಿದ್ದು ಕಣ್ಣಿಗೆ ಬಿತ್ತು ಸಾರ್. ಜ್ವರ ಇರೋದು ಥರ್ಮಾಮೀಟರ್ ಇಟ್ಟು ನೋಡಿದಾಗ ಗೊತ್ತಾಯ್ತು. ಅಲರ್ಜಿ ವಿಷಯ ಅವರ ಮಗ ಹೇಳಿದ್ರು. ಫೈಲು ಬೇರೆಯವರದ್ದು ಅಂತ ಆಮೇಲೆ ಹೊಳೀತು.’ ಕಣ್ಣಿಗೆ ಬೀಳುವುದು, ನೋಡಿ ತಿಳಿಯುವುದು, ಇನ್ನೊಬ್ಬರಿಂದ ಕೇಳುವುದು, ತಾನಾಗಿ ಹೊಳೆಯುವುದು ಎಂಬ ನಾಲ್ಕು ಬೇರೆ ಬೇರೆ ದಾರಿಗಳು ಅವರ ಕನ್ನಡದಲ್ಲಿ ಸ್ಪಷ್ಟವಾಗಿದ್ದವು. ಇಂಗ್ಲಿಷಿಗೆ ಬರುವಾಗ ನಾಲ್ಕೂ ಒಂದೇ ಮಡಕೆಯಲ್ಲಿ ಕಲಸಿಹೋಗಿದ್ದವು. ಈ ಲೇಖನದಲ್ಲಿ ನಾನು ಹೇಳಬೇಕಾದದ್ದೆಲ್ಲ ಆ ಸಂಜೆಯಿಂದ ಹೊರಟದ್ದು. ಇಂಗ್ಲಿಷಿನ ಈ ಕ್ರಿಯಾಪದಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಅರಿವು ಯಾವ ದಾರಿಯಿಂದ ಬಂತು ಎಂದು ಕೇಳಿಕೊಂಡರೆ ಸರಿಯಾದ ಕ್ರಿಯಾಪದ ಸಿಗುತ್ತದೆ, ಮತ್ತು ಆ ದಾರಿಯನ್ನು ಗುರುತಿಸುವ ಶಕ್ತಿ ಕನ್ನಡ ಬಲ್ಲವರಿಗೆ ಆಗಲೇ ಇದೆ.

ಮೊದಲು ಕನ್ನಡದಲ್ಲಿ, ‘ಗೊತ್ತಾಯಿತು’ ಇಲ್ಲದೆ

ಮೊದಲ ಹೆಜ್ಜೆ ಇದು: ಹೇಳಬೇಕಾದ ಸಂಗತಿಯನ್ನು ಕನ್ನಡದಲ್ಲಿ ಬರೆಯಿರಿ, ಆದರೆ ‘ಗೊತ್ತಾಯಿತು’, ‘ತಿಳಿಯಿತು’ ಎಂಬ ಎರಡು ಪದಗಳನ್ನು ಬಳಸಬೇಡಿ. ಆಗ ಬೇರೆ ಪದಗಳು ತಾವಾಗಿ ಬರುತ್ತವೆ: ಗಮನಕ್ಕೆ ಬಂತು, ಕಣ್ಣಿಗೆ ಬಿತ್ತು, ಕಿವಿಗೆ ಬಿತ್ತು, ಹೊಳೆಯಿತು, ಅರಿವಾಯಿತು, ಮನವರಿಕೆಯಾಯಿತು, ಪತ್ತೆಯಾಯಿತು, ಗುರುತು ಸಿಕ್ಕಿತು, ಸುಳಿವು ಸಿಕ್ಕಿತು, ವಿಚಾರಿಸಿ ತಿಳಿದುಕೊಂಡೆ. ಇವುಗಳಲ್ಲಿ ಯಾವುದು ಬಂತು ಎನ್ನುವುದೇ ನಿಮ್ಮ ಇಂಗ್ಲಿಷ್ ಪದಕ್ಕೆ ದಿಕ್ಕು ತೋರಿಸುತ್ತದೆ.

ಈ ಪಟ್ಟಿಯಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕೊನೆಯದೊಂದನ್ನು ಬಿಟ್ಟರೆ ಉಳಿದೆಲ್ಲ ಕಡೆ ‘ನಾನು’ ಎಂದು ಬರುವುದಿಲ್ಲ. ‘ನನಗೆ’ ಹೊಳೆಯಿತು, ‘ನನ್ನ’ ಗಮನಕ್ಕೆ ಬಂತು, ‘ನನ್ನ’ ಕಣ್ಣಿಗೆ ಬಿತ್ತು ಎನ್ನುತ್ತೇವೆ. ಕನ್ನಡದಲ್ಲಿ ಅರಿವು ತಾನೇ ನಡೆದು ಬಂದು ಮನುಷ್ಯನನ್ನು ಮುಟ್ಟುತ್ತದೆ, ಮನುಷ್ಯ ಚತುರ್ಥಿ ವಿಭಕ್ತಿಯಲ್ಲೋ (‘ನನಗೆ’) ಷಷ್ಠಿಯಲ್ಲೋ (‘ನನ್ನ’) ನಿಂತು ಅದನ್ನು ಬರಮಾಡಿಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ಹೆಚ್ಚಿನ ಕಡೆ ಮನುಷ್ಯನೇ ಕರ್ತೃ: ‘ಐ ನೋಟಿಸ್ಡ್’, ‘ಐ ರಿಯಲೈಸ್ಡ್’, ‘ಐ ಫೌಂಡ್ ಔಟ್’. ‘ಕೇಮ್ ಟು ನೋ’ ನಮಗೆ ಅಷ್ಟು ಆಪ್ತವಾಗಿರುವುದು ಬಹುಶಃ ಇದರಿಂದಲೇ. ಅದರಲ್ಲಿರುವ ‘ಬಂತು’ ಎಂಬ ಅಂಶ ನಮ್ಮ ವಾಕ್ಯಕ್ಕೆ ಹೊಂದಿಕೊಂಡಂತೆ ಕಾಣುತ್ತದೆ. ಆದರೆ ಇಂಗ್ಲಿಷನ್ನು ಮನೆಮಾತಾಗಿ ಆಡುವವರು ಆ ಪದಗುಚ್ಛವನ್ನು ಹೆಚ್ಚಾಗಿ ನಿಧಾನವಾಗಿ ಕೂಡಿಬಂದ ಪರಿಚಯಕ್ಕೆ ಬಳಸುತ್ತಾರೆ. ಹತ್ತು ವರ್ಷ ಒಂದು ಊರಿನಲ್ಲಿದ್ದು ಅಲ್ಲಿನ ಜನರನ್ನು ಅರಿತದ್ದಕ್ಕೆ ಅದು ಒಪ್ಪುತ್ತದೆ. ನಿನ್ನೆ ಮಧ್ಯಾಹ್ನ ಮೀಟಿಂಗ್ ರದ್ದಾಯಿತೆಂದು ಕೇಳಿದ್ದಕ್ಕೆ ಒಪ್ಪುವುದಿಲ್ಲ.

ಕಣ್ಣಿನ ದಾರಿ, ಮನಸ್ಸಿನ ದಾರಿ

ಎರಡನೆಯ ಹೆಜ್ಜೆಯಲ್ಲಿ ದಾರಿಯನ್ನು ಹೆಸರಿಸಬೇಕು. ಎಲ್ಲಕ್ಕಿಂತ ಹೆಚ್ಚು ತೊಡಕಾಗುವ ಜೋಡಿ ‘ನೋಟಿಸ್’ ಮತ್ತು ‘ರಿಯಲೈಸ್’, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

‘ನೋಟಿಸ್’ ಇಂದ್ರಿಯದ ಕೆಲಸ. ಕಣ್ಣು, ಕಿವಿ, ಮೂಗು, ಚರ್ಮ ಇವುಗಳಲ್ಲಿ ಒಂದಕ್ಕೆ ಏನೋ ತಾಕಿ, ಮನಸ್ಸು ಅದರ ಕಡೆ ತಿರುಗಿತು ಎಂದರ್ಥ. ‘ರಿಯಲೈಸ್’ ಮನಸ್ಸಿನ ಕೆಲಸ. ಎದುರಿಗಿದ್ದ ಅಥವಾ ಮೊದಲೇ ಗೊತ್ತಿದ್ದ ಸಂಗತಿಗಳು ಒಂದಕ್ಕೊಂದು ಕೂಡಿಕೊಂಡು, ಅವುಗಳ ಅರ್ಥವೇನೆಂದು ಬಗೆಹರಿಯಿತು ಎಂದರ್ಥ. ಒಂದು ಘಟನೆಯನ್ನು ಹತ್ತಿರದಿಂದ ನೋಡೋಣ. ಬನಶಂಕರಿಯಿಂದ ಬಸ್ಸು ಹತ್ತಿದ ಒಬ್ಬರು ಗಾಂಧಿ ಬಜಾರಿನಲ್ಲಿ ಇಳಿಯುತ್ತಾರೆ. ಹೆಗಲ ಚೀಲ ಎಂದಿಗಿಂತ ಹಗುರವಾಗಿದೆ, ಅದು ‘ನೋಟಿಸ್ಡ್’. ಚೀಲದ ಜಿಪ್ಪು ತೆರೆದೇ ಇದೆ, ಅದೂ ‘ನೋಟಿಸ್ಡ್’. ಹಗುರವಾದ ಚೀಲ, ತೆರೆದ ಜಿಪ್ಪು, ಬಸ್ಸಿನಲ್ಲಿ ಮೈಗೆ ಮೈ ತಾಕುವ ನೂಕುನುಗ್ಗಲು ಈ ಮೂರೂ ಒಟ್ಟುಗೂಡಿ, ಪರ್ಸು ಹೋಗಿದೆ ಎಂದು ಎದೆ ಧಸಕ್ಕೆಂದದ್ದು ‘ರಿಯಲೈಸ್ಡ್’. ಮೊದಲ ಎರಡು ಇಂದ್ರಿಯಕ್ಕೆ ತಾಕಿದವು, ತೆರೆದ ಜಿಪ್ಪನ್ನಂತೂ ಪಕ್ಕದಲ್ಲಿ ನಿಂತವರೂ ಕಾಣಬಹುದಿತ್ತು. ಮೂರನೆಯದು ಅವರೊಬ್ಬರ ಒಳಗೆ ಮಾತ್ರ ನಡೆಯಿತು.

ಕತೆಯನ್ನು ಮುಂದುವರಿಸಿದರೆ ಉಳಿದ ಪದಗಳೂ ಜಾಗ ಹಿಡಿದು ನಿಲ್ಲುತ್ತವೆ. ಅವರು ಡಿಪೋಗೆ ಫೋನು ಮಾಡಿ, ಆ ಬಸ್ಸು ಈಗ ಎಲ್ಲಿದೆ ಎಂದು ವಿಚಾರಿಸಿ ತಿಳಿದುಕೊಂಡರು. ಕೇಳಿ, ಹುಡುಕಿ, ಪ್ರಯತ್ನಪಟ್ಟು ಮಾಹಿತಿ ಪಡೆದದ್ದರಿಂದ ಅದು ‘ಫೌಂಡ್ ಔಟ್’. ಕಂಡಕ್ಟರಿಗೆ ಒಂದು ಪರ್ಸು ಸಿಕ್ಕಿದೆಯೆಂದು ಅಲ್ಲಿಯವರು ಹೇಳಿದರು. ಇನ್ನೊಬ್ಬರ ಬಾಯಿಂದ ಬಂದ ಸುದ್ದಿಯಾದ್ದರಿಂದ ‘ಲರ್ನ್ಟ್’, ಮಾತಿನಲ್ಲಾದರೆ ‘ಹರ್ಡ್’. ಡಿಪೋದ ಅಂಗಳದಲ್ಲಿ ಸಾಲಾಗಿ ನಿಂತ ಬಸ್ಸುಗಳ ನಡುವೆ ಅದೇ ಬಸ್ಸು ಕಣ್ಣಿಗೆ ಬಿದ್ದದ್ದು ‘ಸ್ಪಾಟೆಡ್’, ಏಕೆಂದರೆ ಹಲವುಗಳ ನಡುವಿನಿಂದ ಒಂದನ್ನು ಕಣ್ಣು ಹೆಕ್ಕಿತು. ಕಂಡಕ್ಟರನ್ನು ನೋಡಿದೊಡನೆ, ಬೆಳಿಗ್ಗೆ ಚಿಲ್ಲರೆ ಕೊಟ್ಟವರು ಇವರೇ ಎಂದು ಗುರುತು ಹತ್ತಿದ್ದು ‘ರೆಕಗ್ನೈಸ್ಡ್’. ಅಲ್ಲಿದ್ದ ಮೂರು ಪರ್ಸುಗಳಲ್ಲಿ ತಮ್ಮದು ಯಾವುದೆಂದು ತೋರಿಸಿ, ಒಳಗಿರುವ ಫೋಟೋ ಯಾರದೆಂದು ಹೇಳಿ ಖಚಿತಪಡಿಸಿದ್ದು ‘ಐಡೆಂಟಿಫೈಡ್’.

ಕಡೆಯ ಎರಡು ಪದಗಳಿಗೂ ನಾವು ‘ಗುರುತಿಸು’ ಎಂದೇ ಬರೆಯುವುದರಿಂದ ಗೊಂದಲವಾಗುತ್ತದೆ. ‘ರೆಕಗ್ನೈಸ್’ ಎಂಬುದರ ಒಳಗೆ ‘ಮತ್ತೆ’ ಎಂಬ ಅರ್ಥದ ಲ್ಯಾಟಿನ್ ಪೂರ್ವಪ್ರತ್ಯಯವಿದೆ. ಹಿಂದೊಮ್ಮೆ ಕಂಡದ್ದನ್ನು ಮತ್ತೆ ಅರಿಯುವುದು ಅದರ ತಿರುಳು. ಉಂಗುರ ಕಂಡ ದುಷ್ಯಂತನಿಗೆ ಆದದ್ದು ಅದು. ‘ಐಡೆಂಟಿಫೈ’ ಎನ್ನಲು ಹಿಂದಿನ ಪರಿಚಯ ಬೇಕಿಲ್ಲ. ಇದು ಇಂಥದ್ದು ಎಂದು ನಿರ್ಧರಿಸಿ ಹೆಸರಿಟ್ಟರೆ ಸಾಕು. ಲಾಲ್‌ಬಾಗಿನಲ್ಲಿ ಎಂದೂ ನೋಡಿರದ ಮರವೊಂದರ ಎಲೆ, ಹೂವು ಪರಿಶೀಲಿಸಿ ಅದು ಯಾವ ಜಾತಿಯದೆಂದು ಹೇಳುವ ಸಸ್ಯಶಾಸ್ತ್ರಜ್ಞರು ಅದನ್ನು ‘ಐಡೆಂಟಿಫೈ’ ಮಾಡುತ್ತಾರೆ. ಬಾಲ್ಯದಲ್ಲಿ ಕೆಳಗೆ ಕೂತು ಆಡಿದ ಮರವನ್ನು ಅರವತ್ತರ ವಯಸ್ಸಿನಲ್ಲಿ ಕಂಡು ‘ಇದೇ’ ಎನ್ನುವವರು ‘ರೆಕಗ್ನೈಸ್’ ಮಾಡುತ್ತಾರೆ.

ಮುಚ್ಚಿದ್ದು ತೆರೆದಾಗ ಬಳಸುವ ಎರಡು ಪದಗಳ ಹುಟ್ಟು ಬಹಳ ಸೊಗಸಾಗಿದೆ. ‘ಡಿಸ್ಕವರ್’ ಎಂದರೆ ಮೂಲತಃ ಹೊದಿಕೆ ತೆಗೆಯುವುದು. ‘ಡಿಟೆಕ್ಟ್’ ಎಂಬುದಕ್ಕೂ ಲ್ಯಾಟಿನ್ನಿನಲ್ಲಿ ಅದೇ ಅರ್ಥ. ಅದರ ಒಳಗಿರುವ ‘ಮುಚ್ಚು’ ಎಂಬ ಧಾತುವೇ ‘ಪ್ರೊಟೆಕ್ಟ್’ ಎಂಬುದರಲ್ಲೂ ಇದೆ. ಹುಟ್ಟು ಒಂದೇ ಬಗೆಯದಾದರೂ ಬಳಕೆ ಬೇರೆಯಾಗಿದೆ. ಹುಡುಕುತ್ತಿರಲಿ ಬಿಡಲಿ, ಹಿಂದೆ ಗೊತ್ತಿಲ್ಲದ್ದು ಬೆಳಕಿಗೆ ಬಂದರೆ ‘ಡಿಸ್ಕವರ್’. ಸುಲಭವಾಗಿ ಕಾಣದ, ಅಡಗಿದ, ಅತಿ ಸಣ್ಣದಾದ ಒಂದನ್ನು ಉಪಕರಣದಿಂದಲೋ ನುರಿತ ಗಮನದಿಂದಲೋ ಹಿಡಿದರೆ ‘ಡಿಟೆಕ್ಟ್’. ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ನಾವು ದಿನಾ ಹಾದುಹೋಗುವ ಮೆಟಲ್ ಡಿಟೆಕ್ಟರನ್ನು ನೆನೆದರೆ ಈ ವ್ಯತ್ಯಾಸ ಮರೆಯುವುದಿಲ್ಲ. ‘ಪರ್ಸೀವ್’ ಎಂಬುದು ಬೇರೆ ಬಗೆಯದು. ಅದರ ಲ್ಯಾಟಿನ್ ಧಾತುವಿಗೆ ‘ಹಿಡಿ’ ಎಂಬ ಅರ್ಥವಿದೆ. ನಮ್ಮ ‘ಗ್ರಹಿಸು’ ಎಂಬ ಪದದ ಸಂಸ್ಕೃತ ಧಾತುವಿಗೂ ಅದೇ ಅರ್ಥ. ಇವೆರಡು ಪದಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆಂದರೆ, ‘ಗ್ರಹಿಸಿದೆ’ ಎಂದು ಕನ್ನಡದಲ್ಲಿ ಸಹಜವಾಗಿ ಬರೆಯುವ ಕಡೆ ಮಾತ್ರ ‘ಪರ್ಸೀವ್’ ಬಳಸಿ ಎಂದು ನಾನು ಹೇಳಿಕೊಡುತ್ತೇನೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಮನೆಯ ವಾತಾವರಣದಿಂದ, ಮುಖದ ಬಣ್ಣದಿಂದ ತಿಳಿದದ್ದು ‘ಸೆನ್ಸ್’. ಬಹಳ ಹೊತ್ತು ಎಚ್ಚರದಿಂದ ನೋಡಿ ಕಂಡುಕೊಂಡದ್ದು ‘ಅಬ್ಸರ್ವ್’. ಲೆಕ್ಕ ಹಾಕಿ, ತಲೆ ಓಡಿಸಿ ಬಗೆಹರಿಸಿಕೊಂಡದ್ದು ‘ಫಿಗರ್ ಔಟ್’ ಅಥವಾ ‘ವರ್ಕ್ ಔಟ್’.

ಇಂಗ್ಲಿಷಿನಲ್ಲೂ ‘ನನಗೆ ಹೊಳೆಯಿತು’

ಇಂಗ್ಲಿಷಿನಲ್ಲಿ ಮನುಷ್ಯನೇ ಕರ್ತೃ ಎಂದು ಮೇಲೆ ಹೇಳಿದೆ. ಅದಕ್ಕೆ ಅಪವಾದವಾದ ಮೂರು ರಚನೆಗಳು ಕನ್ನಡದವರಿಗೆ ಬಹಳ ಒಗ್ಗುತ್ತವೆ, ಆದರೂ ನಮ್ಮವರು ಅವನ್ನು ಬಳಸುವುದು ಕಡಿಮೆ ಎನ್ನುವುದು ನನಗೆ ಬೇಸರದ ಸಂಗತಿ. ‘ಇಟ್ ಅಕರ್ಡ್ ಟು ಮಿ’ ಎಂದರೆ ಒಂದು ಯೋಚನೆ ನನ್ನ ಮನಸ್ಸಿಗೆ ಬಂತು. ‘ಇಟ್ ಸ್ಟ್ರಕ್ ಮಿ’ ಎಂದರೆ ಥಟ್ಟನೆ ಹೊಳೆಯಿತು. ‘ಇಟ್ ಡಾನ್ಡ್ ಆನ್ ಮಿ’ ಎಂದರೆ ಬೆಳಗಾಗುವ ಹಾಗೆ ಮೆಲ್ಲಮೆಲ್ಲನೆ ಅರಿವಾಯಿತು. ಮೂರರಲ್ಲೂ ಅರಿವು ತಾನೇ ಬರುತ್ತದೆ, ನಮ್ಮ ವಾಕ್ಯದಲ್ಲಿ ಬರುವ ಹಾಗೆಯೇ. ಮೊದಲನೆಯದರಲ್ಲಿ ಬಂದ ಯೋಚನೆ ನಿಜವಾಗಿರಲೇಬೇಕೆಂದಿಲ್ಲ, ಅದು ಬರಿಯ ಊಹೆಯಾಗಿರಬಹುದು. ಮೂರನೆಯದರಲ್ಲಿ ಅರಿವಾದದ್ದು ನಿಜವೇ ಆಗಿರುತ್ತದೆ. ಕಚೇರಿಯ ಔಪಚಾರಿಕ ಪತ್ರದಲ್ಲಿ ‘ಇಟ್ ಹ್ಯಾಸ್ ಕಮ್ ಟು ಅವರ್ ನೋಟಿಸ್’ ಅಥವಾ ‘ಅಟೆನ್ಷನ್’ ಎಂಬ ರೂಪವೂ ಇದೇ ಜಾತಿಗೆ ಸೇರಿದ್ದು. ಆದರೆ ಅದರ ದನಿ ಗಡುಸು, ಮುಂದೆ ಆಕ್ಷೇಪಣೆ ಬರಲಿದೆ ಎಂಬ ಸೂಚನೆ ಅದರಲ್ಲಿರುತ್ತದೆ. ಸಹೋದ್ಯೋಗಿಗೆ ಒಂದು ಸಣ್ಣ ತಪ್ಪನ್ನು ತೋರಿಸುವಾಗ ‘ಐ ನೋಟಿಸ್ಡ್’ ಎಂದರೆ ಸಾಕು.

ಅಂದಹಾಗೆ, ಇಷ್ಟು ಸರಳವಾಗಿ ಕಾಣುವ ‘ನೋಟಿಸ್’ ಕ್ರಿಯಾಪದವನ್ನೂ ಒಪ್ಪದವರಿದ್ದರು. 1789ರ ಡಿಸೆಂಬರಿನಲ್ಲಿ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರ್ಯಾಂಕ್ಲಿನ್ ನಿಘಂಟುಕಾರ ನೋವಾ ವೆಬ್‌ಸ್ಟರಿಗೆ ಬರೆದ ಪತ್ರದಲ್ಲಿ, ತಾನು ಫ್ರಾನ್ಸಿನಲ್ಲಿದ್ದ ಕಾಲದಲ್ಲಿ ಈ ನಾಮಪದವನ್ನು ಜನ ಕ್ರಿಯಾಪದ ಮಾಡಿಬಿಟ್ಟಿದ್ದಾರೆ ಎಂದು ಆಕ್ಷೇಪಿಸಿದ್ದ. ಇಂದು ಅದಿಲ್ಲದೆ ಒಂದು ದಿನವೂ ಸಾಗದು.

ವಾಕ್ಯದಲ್ಲಿ ಕೂರಿಸುವಾಗ

ಮೂರನೆಯ ಹೆಜ್ಜೆ ರಚನೆಯದು. ಪದ ಸರಿಯಿದ್ದರೂ ಅದರ ಮುಂದೆ ಏನು ಬರಬಹುದು ಎಂದು ತಿಳಿಯದಿದ್ದರೆ ವಾಕ್ಯ ಕೆಡುತ್ತದೆ. ‘ನೋಟಿಸ್’ ಆದ ಮೇಲೆ ನೇರವಾಗಿ ವ್ಯಕ್ತಿಯೋ ವಸ್ತುವೋ ಬರಬಹುದು: ‘ಐ ನೋಟಿಸ್ಡ್ ಎ ಮ್ಯಾನ್ ಸ್ಟ್ಯಾಂಡಿಂಗ್ ಅಟ್ ದಿ ಗೇಟ್’. ‘ರಿಯಲೈಸ್’ ಹಾಗಲ್ಲ, ‘ಐ ರಿಯಲೈಸ್ಡ್ ಎ ಮ್ಯಾನ್’ ಎನ್ನುವಂತಿಲ್ಲ. ಅದರ ಮುಂದೆ ‘ದಟ್’, ‘ವೈ’, ‘ಹೌ’ ಇಂಥ ಪದದಿಂದ ತೊಡಗುವ ಉಪವಾಕ್ಯ ಬರಬೇಕು, ಇಲ್ಲವೇ ತಪ್ಪು, ಮಹತ್ವ, ಅಪಾಯ ಇಂಥ ಅಮೂರ್ತವಾದ ಒಂದು ನಾಮಪದ ಬರಬೇಕು. ‘ಫೈಂಡ್ ಔಟ್’ ಎಂಬುದರ ಕರ್ಮ ಮಾಹಿತಿಯೇ ಹೊರತು ವಸ್ತುವಲ್ಲ. ಕಳೆದ ಬೀಗದ ಕೈ ಸಿಕ್ಕಿದರೆ ‘ಐ ಫೌಂಡ್ ಮೈ ಕೀಸ್’, ಅದು ಎಲ್ಲಿದೆಯೆಂದು ತಿಳಿದರೆ ‘ಐ ಫೌಂಡ್ ಔಟ್ ವೇರ್ ಮೈ ಕೀಸ್ ವರ್’. ‘ಅವೇರ್’ ಕ್ರಿಯಾಪದವೇ ಅಲ್ಲ, ಗುಣವಾಚಕ; ಅದರ ಜೊತೆ ‘ಆಫ್’ ಬರುತ್ತದೆ. ‘ಅವೇರ್ ಅಬೌಟ್’ ಎಂದು ಬೆಂಗಳೂರಿನ ಕಚೇರಿಗಳಲ್ಲಿ ಎಲ್ಲರೂ ಬರೆಯುತ್ತಾರೆ, ನೀವು ಬರೆಯಬೇಡಿ.

ಕಾಲದ ವಿಷಯದಲ್ಲಿ ಕನ್ನಡವೇ ಕೈಹಿಡಿದು ನಡೆಸುತ್ತದೆ. ‘ಗೊತ್ತಿತ್ತು’ ಬೇರೆ, ‘ಗೊತ್ತಾಯಿತು’ ಬೇರೆ ಎಂದು ಮೂರು ವರ್ಷದ ಮಗುವಿಗೂ ಗೊತ್ತು. ‘ಗೊತ್ತಿತ್ತು’ ಎನ್ನುವ ಕಡೆ ‘ನ್ಯೂ’, ‘ಗೊತ್ತಾಯಿತು’ ಎನ್ನುವ ಕಡೆ ‘ಫೌಂಡ್ ಔಟ್’ ಅಥವಾ ‘ಲರ್ನ್ಟ್’ ಹಾಕಿದರೆ ಆಯಿತು. ‘ಅವರು ಹೇಳಿದಾಗ ಗೊತ್ತಾಯಿತು’ ಎಂಬುದನ್ನು ‘ಐ ನ್ಯೂ ವೆನ್ ಹಿ ಟೋಲ್ಡ್ ಮಿ’ ಎಂದು ಬರೆದರೆ ಓದುವವರು ಅಲ್ಲೇ ಎಡವುತ್ತಾರೆ.

ರಚನೆ ಕಲಿಯಲು ಯಾವ ನಿಘಂಟು ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಖಚಿತ. ಪೀಟರ್ ಮಾರ್ಕ್ ರೋಜೆ 1852ರಲ್ಲಿ ಪ್ರಕಟಿಸಿದ ಪರ್ಯಾಯಪದಕೋಶದ ಮಾದರಿಯವು, ಪದ ಈಗಾಗಲೇ ಗೊತ್ತಿದ್ದು ನೆನಪಿಗೆ ಬಾರದವರಿಗೆ ಉಪಯುಕ್ತ. ಅಲ್ಲಿ ಸಮೀಪದ ಪದಗಳೆಲ್ಲ ಒಂದೇ ಸಾಲಿನಲ್ಲಿ ನಿಂತಿರುತ್ತವೆ, ವ್ಯತ್ಯಾಸವನ್ನು ಓದುವವರೇ ತಿಳಿದಿರಬೇಕು. ಕಲಿಯುವವರಿಗೆ ಬೇಕಾದದ್ದು ಕಲಿಕಾರ್ಥಿಗಳ ನಿಘಂಟು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತಮ್ಮ ಇಬ್ಬರು ಸಂಗಡಿಗರೊಡನೆ ರಚಿಸಿ 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾದ ನಿಘಂಟು, 1948ರಲ್ಲಿ ಆಕ್ಸ್‌ಫರ್ಡ್ ಮೂಲಕ ಹೊರಬಂದು, ಪ್ರತಿ ಕ್ರಿಯಾಪದದ ಮುಂದೆ ಏನು ಬರುತ್ತದೆಂದು ತೋರಿಸುವ ಪದ್ಧತಿಯನ್ನು ಜಗತ್ತಿಗೆ ಹರಡಿತು. ಅದರ ಹಳೆಯ ಆವೃತ್ತಿಯೇ ಆದರೂ ಸಾಕು, ಈ ಕೆಲಸಕ್ಕೆ ಕೊರತೆಯಾಗುವುದಿಲ್ಲ.

ನಿಜವೆಂದು ಒಪ್ಪಿದಂತಾಗುವ ಅಪಾಯ

ಕಚೇರಿಯ ಪತ್ರಗಳಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ಈ ನಾಲ್ಕನೆಯ ಹೆಜ್ಜೆಯಲ್ಲಿ. ‘ನೋಟಿಸ್’, ‘ರಿಯಲೈಸ್’, ‘ಡಿಸ್ಕವರ್’, ‘ಫೈಂಡ್ ಔಟ್’ ಇವು ಬರಿಯ ಅರಿವನ್ನು ಹೇಳುವುದಿಲ್ಲ. ಅರಿತದ್ದು ನಿಜ ಎಂದು ಬರೆಯುವವರೇ ಒಪ್ಪಿಕೊಂಡಂತೆ ಮಾಡುತ್ತವೆ. ಭಾಷಾವಿಜ್ಞಾನಿಗಳಾದ ಪಾಲ್ ಮತ್ತು ಕ್ಯಾರಲ್ ಕಿಪಾರ್ಸ್ಕಿ 1970ರಲ್ಲಿ ಪ್ರಕಟಿಸಿದ ಲೇಖನದಿಂದ ಇಂಥ ಕ್ರಿಯಾಪದಗಳಿಗೆ ‘ಫ್ಯಾಕ್ಟಿವ್’ ಎಂಬ ಹೆಸರು ಪ್ರಚಾರಕ್ಕೆ ಬಂತು. ಪರೀಕ್ಷಿಸುವ ಬಗೆ ಸುಲಭ, ವಾಕ್ಯವನ್ನು ನಿಷೇಧರೂಪಕ್ಕೆ ತಿರುಗಿಸಿ ನೋಡಬೇಕು. ‘ಗೇಟಿಗೆ ಬೀಗ ಹಾಕಿರುವುದು ನನ್ನ ಗಮನಕ್ಕೆ ಬರಲಿಲ್ಲ’ ಎಂದರೂ ಗೇಟಿಗೆ ಬೀಗ ಹಾಕಿದ್ದಂತೂ ನಿಜ. ‘ಐ ಡಿಡ್ ನಾಟ್ ನೋಟಿಸ್’ ಎಂದರೂ ಹಾಗೆಯೇ. ಆದ್ದರಿಂದ ಸಹೋದ್ಯೋಗಿಯೊಬ್ಬರು ಬಿಲ್ಲು ತಿದ್ದಿರಬಹುದು ಎಂಬ ಅನುಮಾನ ಮಾತ್ರ ಇರುವಾಗ ‘ಐ ರಿಯಲೈಸ್ಡ್ ದಟ್’ ಎಂದು ಬರೆದರೆ, ಅದು ಅನುಮಾನವಾಗಿ ಉಳಿಯುವುದಿಲ್ಲ, ಆರೋಪವಾಗುತ್ತದೆ. ಅಲ್ಲಿ ‘ಇಟ್ ಅಪಿಯರ್ಸ್ ದಟ್’ ಎಂದೋ ‘ಐ ಸಸ್ಪೆಕ್ಟ್ ದಟ್’ ಎಂದೋ ಬರೆಯಬೇಕು. ಪರಿಶೀಲಿಸಿ ಖಚಿತಪಡಿಸಿಕೊಳ್ಳುತ್ತೇವೆ ಎನ್ನಲು ‘ವೆರಿಫೈ’, ಇನ್ನೂ ಔಪಚಾರಿಕವಾಗಿ ‘ಅಸರ್ಟೈನ್’ ಇದೆ.

ಇದಕ್ಕೆ ತೀರ ಹತ್ತಿರದ ಇನ್ನೊಂದು ಗುಂಡಿಯಲ್ಲಿ ನಾನೇ ಬಿದ್ದಿದ್ದೇನೆ. ಮೊದಲ ಕೆಲಸದಲ್ಲಿದ್ದಾಗ ಉಗ್ರಾಣದ ದಾಸ್ತಾನು ಲೆಕ್ಕದಲ್ಲಿ ಅಂಕಿಗಳನ್ನು ತಿದ್ದಿದಂತೆ ಕಂಡಿತು. ನಮ್ಮ ಮಾತಿನ ‘ನನಗೆ ಡೌಟಿದೆ’ ಎಂಬುದನ್ನೇ ಮನಸ್ಸಿನಲ್ಲಿಟ್ಟುಕೊಂಡು, ಬೇರೆ ಊರಿನಲ್ಲಿದ್ದ ಮೇಲಧಿಕಾರಿಗೆ ‘ಐ ಡೌಟ್ ದಟ್ ದಿ ಫಿಗರ್ಸ್ ಹ್ಯಾವ್ ಬೀನ್ ಚೇಂಜ್ಡ್’ ಎಂದು ಬರೆದೆ. ‘ಡೌಟ್ ದಟ್’ ಎಂದರೆ ಹಾಗಾಗಿರಲಿಕ್ಕಿಲ್ಲ ಎಂದರ್ಥ. ಅಂಕಿ ತಿದ್ದಿಲ್ಲವೆಂದೇ ನಾನು ಭರವಸೆ ಕೊಟ್ಟಂತಾಯಿತು. ಅವರು ಪತ್ರವನ್ನು ಬದಿಗಿಟ್ಟರು, ತಪಾಸಣೆ ಎರಡು ತಿಂಗಳು ತಡವಾಯಿತು. ಹಾಗಾಗಿದೆ ಎಂಬ ಅನುಮಾನಕ್ಕೆ ‘ಸಸ್ಪೆಕ್ಟ್’, ಹಾಗಾಗಿಲ್ಲ ಎಂಬ ಅನುಮಾನಕ್ಕೆ ‘ಡೌಟ್’. ಕನ್ನಡದ ‘ಅನುಮಾನ’ ಎರಡನ್ನೂ ಹೊರುತ್ತದೆ, ಆದ್ದರಿಂದ ಇಲ್ಲಿ ಮಾತ್ರ ಕನ್ನಡವನ್ನು ನಂಬಿ ಇಂಗ್ಲಿಷಿಗೆ ಇಳಿಯಬಾರದು.

ಕೈಗೂಡಿಸಿಕೊಳ್ಳಲು ಒಂದು ಅಭ್ಯಾಸ

ದಿನಕ್ಕೆ ಐದು ನಿಮಿಷ ಸಾಕು. ರಾತ್ರಿ ಮಲಗುವ ಮುನ್ನ, ಅಂದು ಹೊಸದಾಗಿ ನಿಮ್ಮ ಅರಿವಿಗೆ ಬಂದ ಮೂರು ಸಂಗತಿಗಳನ್ನು ಕನ್ನಡದಲ್ಲಿ ಬರೆದು, ಪ್ರತಿಯೊಂದರ ಪಕ್ಕದಲ್ಲಿ ದಾರಿಯನ್ನು ಒಂದೇ ಪದದಲ್ಲಿ ಗುರುತು ಹಾಕಿಕೊಳ್ಳಿ: ಕಣ್ಣು, ಕಿವಿ, ಮನಸ್ಸು, ಹುಡುಕಾಟ, ಇನ್ನೊಬ್ಬರ ಬಾಯಿ. ಆಮೇಲೆ ಇಂಗ್ಲಿಷ್ ವಾಕ್ಯ ಬರೆಯಿರಿ. ನಮ್ಮ ತರಗತಿಯಲ್ಲಿ ಕಳೆದ ವಾರ ಬಂದ ವಾಕ್ಯಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತೇನೆ. ಕೆಳಗೆ ಓದುವ ಮೊದಲು ನೀವೇ ಒಮ್ಮೆ ಯೋಚಿಸಿ. ‘ನಮ್ಮ ಬೀದಿಯ ಮರ ಕಡಿದಿರುವುದು ಬೆಳಿಗ್ಗೆ ಹಾಲು ತರಲು ಹೋದಾಗ ಗಮನಕ್ಕೆ ಬಂತು.’ ‘ವಾರ್ಡ್ ಕಚೇರಿಯಲ್ಲಿ ವಿಚಾರಿಸಿ, ಕಡಿಯಲು ಅನುಮತಿ ಕೇಳಿದವರು ಯಾರೆಂದು ತಿಳಿದುಕೊಂಡೆ.’ ‘ಅಮ್ಮ ಏನೂ ಹೇಳದಿದ್ದರೂ ಅವರಿಗೆ ನೋವಾಗಿದೆಯೆಂದು ಅನ್ನಿಸಿತು.’ ‘ಆ ಮರ ನೆಟ್ಟವರು ಅಜ್ಜಿಯೇ ಎಂದು ಆಗ ನೆರೆಮನೆಯವರಿಂದ ಕೇಳಿ ತಿಳಿಯಿತು.’ ‘ಇಷ್ಟು ವರ್ಷ ಅಮ್ಮ ಆ ಕಿಟಕಿಯ ಬಳಿಯೇ ಕೂರುತ್ತಿದ್ದದ್ದು ಯಾಕೆಂದು ನಿಧಾನವಾಗಿ ಅರಿವಾಯಿತು.’

ಮೊದಲನೆಯದಕ್ಕೆ ‘ನೋಟಿಸ್ಡ್’, ಎರಡನೆಯದಕ್ಕೆ ‘ಫೌಂಡ್ ಔಟ್’, ಮೂರನೆಯದಕ್ಕೆ ‘ಸೆನ್ಸ್ಡ್’, ನಾಲ್ಕನೆಯದಕ್ಕೆ ‘ಲರ್ನ್ಟ್’. ಐದನೆಯದಕ್ಕೆ ತರಗತಿಯ ಹೆಚ್ಚಿನವರು ‘ರಿಯಲೈಸ್ಡ್’ ಎಂದು ಬರೆದರು, ಅದು ತಪ್ಪಲ್ಲ. ಮೊದಲು ಹೇಳಿದ ನರ್ಸ್ ವಿದ್ಯಾರ್ಥಿನಿ ಮಾತ್ರ, ‘ನಿಧಾನವಾಗಿ’ ಎಂಬ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ‘ಇಟ್ ಡಾನ್ಡ್ ಆನ್ ಮಿ’ ಎಂದು ಬರೆದಿದ್ದರು.